ನಮ್ಮೋರ ಬಗ್ಗೆ ನಾವೇ ಬರಿಯೋದು: ವಿಕಿಪೀಡಿಯದಲ್ಲಿ ಹಿತಾಸಕ್ತಿ ಸಂಘರ್ಷ

(ಮೈಸೂರಿನಲ್ಲಿ ಕನ್ನಡ ವಿಕಿಪೀಡಿಯಕ್ಕೆ ಬರೆಯೋ, ಬರೀಬೇಕು ಅಂತಿರೋ ಒಂದಷ್ಟು ಜನ ಸೇರಿದ್ದಾಗ ಆಡಿದ ಮಾತು. ರೆಕಾರ್ಡಿಂಗ್ ಕೇಳ್ಕೊಂಡು ಟೈಪ್ ಮಾಡಿದ್ದು, ಹಾಗಾಗಿ ಮಾತಿನ ಧಾಟಿಲೇ ಇದೆ. ಮಧ್ಯೆ ಕೇಳಿದ ಪ್ರಶ್ನೆಗಳನ್ನ ಅಲ್ಲಲ್ಲೇ ಸೇರಿಸಿದ್ದೀನಿ.)

ಎಲ್ಲರಿಗೂ ನಮಸ್ಕಾರ. ದುಡ್ಡು ತಗೊಂಡು ವಿಕಿಪೀಡಿಯದಲ್ಲಿ ಬರೆಯೋರ ಬಗ್ಗೆ ಮಾತಾಡಿ ಅಂತ ಕರೆದಿದ್ರು. ಅದನ್ನೂ ಹೇಳ್ತೀನಿ, ಆದ್ರೆ ನನಗೆ ಜಾಸ್ತಿ ಹೇಳಬೇಕು ಅನ್ನಿಸಿರೋದು ದುಡ್ಡು ತಗೊಳ್ದೆ ಬರೆಯೋರ ಬಗ್ಗೆ, ಅಂದ್ರೆ ಇಲ್ಲಿ ಕೂತಿರೋ ನಮ್ಮೆಲ್ಲರ ಬಗ್ಗೆ. ಇಂಗ್ಲಿಷ್ ವಿಕಿಪೀಡಿಯಕ್ಕೆ ದುಡ್ಡಿಗೆ ಪ್ರಚಾರ ಮಾಡಿಕೊಡೋ ಪಿಆರ್ ಕಂಪನಿಗಳ ಕಾಟ, ಸರಿ. ಕನ್ನಡಕ್ಕೆ ಯಾವ ಪಿಆರ್ ಕಂಪನಿ ಬಂದು ಏನು ಮಾಡುತ್ತೆ ಹೇಳಿ, ನಮಗೆ ಅಷ್ಟೆಲ್ಲ ಮಾರ್ಕೆಟ್ ಇಲ್ಲ. ಇಲ್ಲಿ ಬರೋದು ಶಿಷ್ಯರು, ಮಕ್ಕಳು, ಅಳಿಯಂದ್ರು, ಹಳೇ ವಿದ್ಯಾರ್ಥಿ ಸಂಘದೋರು, ಮಠದ ಭಕ್ತರು, ಸಿನಿಮಾ ಅಭಿಮಾನಿಗಳು. ಎಲ್ಲ ಒಳ್ಳೇ ಜನ. ಅದೇ ಕಷ್ಟ. ಕೆಟ್ಟೋರಾಗಿದ್ರೆ ಬ್ಲಾಕ್ ಮಾಡಿ ಟೀ ಕುಡಿಯೋಕೆ ಹೋಗಬಹುದಿತ್ತು.

ಒಂದು ಎಡಿಟ್ ತೋರಿಸ್ತೀನಿ, ಸ್ಕ್ರೀನ್ ನೋಡಿ. ಹೆಸರು ಅಳಿಸಿದ್ದೀನಿ, ವಿವರಾನೂ ಸ್ವಲ್ಪ ಬದಲಾಯಿಸಿದ್ದೀನಿ, ಯಾರು ಅಂತ ಹುಡುಕೋಕೆ ಹೋಗಬೇಡಿ. ಒಬ್ಬ ಹಿರಿಯ ಲೇಖಕರ ಲೇಖನ. ಮೊದಲು ಯಾರೋ ಬರೆದಿದ್ದು ಆರೇಳು ಸಾಲು ಅಷ್ಟೆ, ಹುಟ್ಟಿದ್ದೆಲ್ಲಿ, ಓದಿದ್ದೇನು, ಎಲ್ಲಿ ಮೇಷ್ಟ್ರಾಗಿದ್ರು, ಯಾವ್ಯಾವ ಪುಸ್ತಕ. ಆಮೇಲೆ 'ಇತಿಹಾಸವನ್ನು ನೋಡಿ' ಒತ್ತಿದ್ರೆ ಒಂದು ರಾತ್ರಿ ಒಬ್ಬ ಸದಸ್ಯರು ಬಂದಿದಾರೆ, ಹೊಸ ಅಕೌಂಟು, ಸದಸ್ಯ ಪುಟ ಇನ್ನೂ ಕೆಂಪು ಲಿಂಕು, ಅಂದ್ರೆ ತಮ್ಮ ಬಗ್ಗೆ ಏನೂ ಬರ್ಕೊಂಡಿಲ್ಲ, ಈ ಲೇಖನ ಬಿಟ್ಟು ಬೇರೆ ಏನನ್ನೂ ಮುಟ್ಟಿಲ್ಲ. ಹಸಿರಲ್ಲಿ ಪ್ಲಸ್ ನಾಲ್ಕು ಸಾವಿರ ಚಿಲ್ರೆ ಬೈಟು. ಏನು ಸೇರಿಸಿದಾರೆ ಅಂದ್ರೆ 'ನಾಡು ಕಂಡ ಅಪರೂಪದ ಚಿಂತಕರು', 'ಸರಳತೆಯ ಸಾಕಾರಮೂರ್ತಿ', 'ಇವರ ಕೊಡುಗೆ ಅನನ್ಯ'. ಇದು ನೋಡಿದ ತಕ್ಷಣ ಗೊತ್ತಾಗುತ್ತೆ, ಯಾರಾದ್ರೂ ನಿರ್ವಾಹಕರು, ಅಂದ್ರೆ ವಿಕಿಯ ಅಡ್ಮಿನ್‌ಗಳು, ಬಂದು ವಿಶೇಷಣ ಎಲ್ಲ ಕಿತ್ತು ಹೋಗ್ತಾರೆ, ಐದು ನಿಮಿಷದ ಕೆಲಸ. ನಾನು ತೋರಿಸೋಕೆ ಹೊರಟಿದ್ದು ಅದನ್ನಲ್ಲ. ಅದೇ ಎಡಿಟ್‌ನಲ್ಲಿ ಕೆಳಗೆ ಎಡಗಡೆ ನೋಡಿ, ಒಂದು ಸಾಲು ಹೋಗಿದೆ. ಅವರು ಮಾಡಿದ ಒಂದು ಅನುವಾದದಲ್ಲಿ ಮೂಲದ ಎಷ್ಟೋ ಭಾಗ ಬಿಟ್ಟುಹೋಗಿದೆ ಅಂತ ಒಬ್ಬ ವಿಮರ್ಶಕರು ಪತ್ರಿಕೇಲಿ ಬರೆದಿದ್ರು, ಆ ಮಾತು ಉಲ್ಲೇಖ ಸಮೇತ ಲೇಖನದಲ್ಲಿತ್ತು. ಅದು ಮಾಯ. ಏನು ಬದಲಾಯಿಸಿದೆ ಅಂತ ಹೇಳೋ ಎಡಿಟ್ ಸಾರಾಂಶದಲ್ಲಿ ಏನು ಬರೆದಿದಾರೆ ಗೊತ್ತಾ? 'ಅಕ್ಷರ ತಿದ್ದುಪಡಿ'.

ಹೊಗಳಿಕೆ ಎಲ್ಲರ ಕಣ್ಣಿಗೂ ಬೀಳುತ್ತೆ. ಇಲ್ಲದೇ ಇರೋ ಸಾಲು ಯಾರ ಕಣ್ಣಿಗೆ ಬೀಳುತ್ತೆ? ಒಂದು ವಾರ ಆದ್ಮೇಲೆ ನಿರ್ವಾಹಕರು ಬಂದು 'ಸಾಕಾರಮೂರ್ತಿ' ತೆಗೆದು, ಭಾಷೆ ಸರಿ ಮಾಡಿ, ಲೇಖನ ಈಗ ಶುದ್ಧವಾಯ್ತು ಅಂತ ಹೋಗಿದಾರೆ. ವಿಮರ್ಶೆ ಸಾಲು ವಾಪಸ್ ಬರಲೇ ಇಲ್ಲ. ಈಗ ಲೇಖನ ಓದಿದ್ರೆ ಬಹಳ ತಟಸ್ಥವಾಗಿ ಕಾಣುತ್ತೆ, ಒಂದು ಶಬ್ದ ಹೆಚ್ಚಿಲ್ಲ, ಪ್ರತಿ ಸಾಲಿಗೂ ಉಲ್ಲೇಖ ಇದೆ. ಸುಳ್ಳು ಒಂದೂ ಇಲ್ಲ. ಆದ್ರೂ ಅದು ಮನೆಯವರು ಬರೆದ ಲೇಖನವೇ.

ಈಗ ಈ ಎಡಿಟ್ ಮಾಡಿದ್ದು ಯಾರಿರಬಹುದು, ಮಗ ಇರಬಹುದು, ಶಿಷ್ಯ ಇರಬಹುದು. ಅವರು ಮೋಸ ಮಾಡಬೇಕು ಅಂತ ಕೂತು ಮಾಡಿದ್ದು ಅಂತ ನನಗೆ ಅನ್ಸಲ್ಲ. ಅವರಿಗೆ ನಿಜವಾಗ್ಲೂ ಆ ವಿಮರ್ಶೆ ಅನ್ಯಾಯ ಅಂತಲೇ ಅನ್ಸಿರುತ್ತೆ, ಹೊಟ್ಟೆಕಿಚ್ಚಿಂದ ಬರೆದಿದ್ದು ಅಂತ ಮನೇಲಿ ಮಾತಾಡ್ಕೊಂಡಿರ್ತಾರೆ. ಹಿತಾಸಕ್ತಿ ಸಂಘರ್ಷ ಅಂದ್ರೆ ಜನ ತಕ್ಷಣ 'ನನ್ನನ್ನ ಕಳ್ಳ ಅಂತೀಯಾ' ಅಂತ ಜಗಳಕ್ಕೆ ಬರ್ತಾರೆ. ಯಾರೂ ಹಾಗಂತಿಲ್ಲಪ್ಪ. ಸರ್ವೇಯರ್ ಎಷ್ಟೇ ಪ್ರಾಮಾಣಿಕ ಆಗಿರ್ಲಿ, ತನ್ನ ಹೊಲದ ಬದು ತಾನೇ ಅಳೀಬಾರ್ದು ಅಂತೀವಲ್ಲ, ಅಷ್ಟೆ ವಿಷಯ. ಅವನು ಸರಿಯಾಗೇ ಅಳೆದಿರಬಹುದು, ಆದ್ರೂ ಪಕ್ಕದ ಹೊಲದೋನು ಒಪ್ಪಲ್ಲ, ಒಪ್ಪಬೇಕಾಗೂ ಇಲ್ಲ. ವಿಕಿಪೀಡಿಯ ಕೇಳೋದೂ ನಿಮ್ಮ ಮನಸ್ಸಲ್ಲಿ ಏನಿದೆ ಅಂತಲ್ಲ, ನೀವು ಎಲ್ಲಿ ನಿಂತಿದೀರ ಅಂತ. ಬರೀತಿರೋ ವಿಷಯಕ್ಕೂ ನಿಮಗೂ ಹೊರಗಡೆ ಸಂಬಂಧ ಇದೆಯಾ, ಸಂಬಳ, ನಂಟಸ್ತನ, ಸ್ನೇಹ, ಬಿಸಿನೆಸ್, ಪಕ್ಷ, ಸಂಘದ ಪದಾಧಿಕಾರ, ಇಷ್ಟೇ.

ಇಲ್ಲಿ ಮಂಡ್ಯದಿಂದ ಬಂದಿದ್ದ ಒಬ್ಬರು ಎದ್ದು ನಿಂತು ಕೇಳಿದ್ರು, ಅವರ ಮಾತಲ್ಲೇ ಹಾಕ್ತೀನಿ: "ಅಲ್ಲಾ ಸಾರ್, ಹಂಗಾದ್ರೆ ಕಾವೇರಿ ಬಗ್ಗೆ ನಾವ್ ಬರೀಬಾರ್ದಾ? ನಮ್ಮಪ್ಪ ನಾಲೆ ನೀರಲ್ಲೇ ಕಬ್ಬು ಬೆಳ್ದೌರೆ, ನಾನೂ ಅದೇ ನೀರ್ ಕುಡ್ದು ಬೆಳ್ದೋನು. ನಾವ್ ಬರೀದೆ ಇನ್ಯಾರ್ ಬರ್ದಾರು, ಮದ್ರಾಸ್‌ನೋರ?"

ಎಲ್ಲರೂ ನಕ್ಕರು, ಆದ್ರೆ ಇವತ್ತು ಬಂದ ಪ್ರಶ್ನೆಗಳಲ್ಲೆಲ್ಲ ಒಳ್ಳೇ ಪ್ರಶ್ನೆ ಇದು. ಬರೀಬೇಕಣ್ಣ, ಖಂಡಿತ ಬರೀಬೇಕು. ಊರು, ಭಾಷೆ, ಧರ್ಮ, ಕಸುಬು ಇವ್ಯಾವೂ ತಾವಾಗೇ ಹಿತಾಸಕ್ತಿ ಸಂಘರ್ಷ ಆಗಲ್ಲ. ಹಾಗೆ ನೋಡಿದ್ರೆ ಭಾರತದ ಲೇಖನ ಭಾರತೀಯರು ಮುಟ್ಟಂಗಿಲ್ಲ, ಮನುಷ್ಯರ ಲೇಖನ ಮನುಷ್ಯರು ಮುಟ್ಟಂಗಿಲ್ಲ. ಕೆಆರ್‌ಎಸ್ ತುಂಬಿದ್ರೆ 124.80 ಅಡಿ ಅಂತ ಮಂಡ್ಯದ ಮಗೂಗೂ ಗೊತ್ತು, ಆ ಗೊತ್ತಿರೋದು ಲೇಖನಕ್ಕೆ ಲಾಭವೇ. ನಿಮಗೆ ನಿಮ್ಮ ಕಡೆ ಒಲವು ಇರುತ್ತೆ, ಅದು ಪಕ್ಷಪಾತ, ಅದಕ್ಕೆ ಬೇರೆ ನಿಯಮ ಇದೆ, ತಟಸ್ಥ ದೃಷ್ಟಿಕೋನ ಅಂತ. 2007ರ ಫೆಬ್ರವರಿ 5ಕ್ಕೆ ನ್ಯಾಯಮಂಡಳಿ ಕೊಟ್ಟ ಅಂತಿಮ ತೀರ್ಪಲ್ಲಿ ತಮಿಳುನಾಡಿಗೆ 419, ನಮಗೆ 270, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ, 2018ರ ಫೆಬ್ರವರಿಲಿ ಸುಪ್ರೀಂ ಕೋರ್ಟು ನಮಗೆ 14.75 ಜಾಸ್ತಿ ಮಾಡಿ 284.75 ಕೊಡ್ತು, ತಮಿಳುನಾಡಿಂದು 404.25ಕ್ಕೆ ಇಳೀತು. ಈ ಅಂಕಿ ನೀವು ಬರೆದ್ರೂ ಅಷ್ಟೆ, ತಂಜಾವೂರಿನ ರೈತ ಬರೆದ್ರೂ ಅಷ್ಟೆ. 1924ರ ಒಪ್ಪಂದದ ಬಗ್ಗೆ ಅವರ ವಾದ ಏನು, ನಮ್ಮ ವಾದ ಏನು, ಎರಡೂ ಇರಬೇಕು. ನೀವು ಒಂದು ಕಡೆ ವಾಲಿದ್ರೆ ಇನ್ನೊಬ್ಬರು ಬಂದು ಎಳೀತಾರೆ, ವಿಕಿ ಇಷ್ಟು ವರ್ಷ ನಡೆದಿರೋದೇ ಹಾಗೆ.

ಆದ್ರೆ ನೀವು ಹೋರಾಟ ಸಮಿತಿಯ ಕಾರ್ಯದರ್ಶಿ ಆಗಿದ್ದು, ಆ ಸಮಿತಿ ಬಗ್ಗೆನೇ ಲೇಖನ ಬರೆದ್ರೆ? ನೀರಾವರಿ ಇಲಾಖೇಲಿ ಎಂಜಿನಿಯರ್ ಆಗಿದ್ದು, ನಿಮ್ಮ ಡಿವಿಜನ್ನಿನ ನಾಲೆ ಕಾಮಗಾರಿ ಬಗ್ಗೆ ಬಂದಿರೋ ಆರೋಪದ ಸಾಲು ತೆಗೆದ್ರೆ? ಆ ಕೇಸಲ್ಲೇ ವಕೀಲರಾಗಿದ್ರೆ? ಅಲ್ಲಿ ಗೆರೆ ದಾಟಿದ್ರಿ. ಇಲ್ಲಿಗೆ ಒಲವಿನ ಮಾತು ಮುಗೀತು, ನಿಮ್ಮ ಹೆಸರು, ನಿಮ್ಮ ಸಂಬಳ, ನಿಮ್ಮ ಸಂಘದ ಮರ್ಯಾದೆ ಅದರಲ್ಲಿ ಸಿಕ್ಕಿಕೊಂಡಿದೆ. ಅಭಿಮಾನಿಗಳ ವಿಷಯಾನೂ ಹೀಗೇ, ನೆಚ್ಚಿನ ಹೀರೋ ಸಿನಿಮಾ ಕಲೆಕ್ಷನ್ ಏರಿಸಿ ಬರೆಯೋ ಹುಡುಗನಿಗೆ ಇರೋದು ಹುಚ್ಚು, ಅದೇ ಹೀರೋ ಪ್ರಚಾರದ ಟೀಮಲ್ಲಿ ಇರೋನಿಗೆ ಇರೋದು ಹಿತಾಸಕ್ತಿ. ಎರಡೂ ತಲೆನೋವು, ಮದ್ದು ಬೇರೆ ಬೇರೆ.

ಸ್ವಲ್ಪ ಹಳೇ ಕತೆ ಹೇಳ್ತೀನಿ, ಯಾಕಂದ್ರೆ ಇದು ನಮ್ಮೂರಿನ ರೋಗ ಅಂತ ಯಾರೂ ಬೇಜಾರು ಮಾಡ್ಕೋಬಾರ್ದು. ವಿಕಿಪೀಡಿಯ ಶುರುವಾಗಿದ್ದು 2001ರ ಜನವರಿ 15ಕ್ಕೆ, ಜಿಮ್ಮಿ ವೇಲ್ಸ್ ಮತ್ತೆ ಲ್ಯಾರಿ ಸ್ಯಾಂಗರ್ ಸೇರಿ ಮಾಡಿದ್ದು. 2005ರಲ್ಲಿ ಗೊತ್ತಾಯ್ತು, ಸ್ವತಃ ವೇಲ್ಸ್ ತಮ್ಮ ಬಗ್ಗೆ ಇರೋ ಲೇಖನಕ್ಕೆ ಹೋಗಿ ತಾವೇ ತಿದ್ದಿದಾರೆ, ಸ್ಯಾಂಗರ್ ಸಹ ಸಂಸ್ಥಾಪಕ ಅನ್ನೋ ಮಾತನ್ನೂ ತೆಗೆದಿದಾರೆ ಅಂತ. ಆಮೇಲೆ ಹಾಗೆ ಮಾಡಬಾರ್ದಿತ್ತು ಅಂತ ಒಪ್ಕೊಂಡ್ರು. ಮನೆ ಯಜಮಾನನೇ ತನ್ನ ಫೋಟೋ ತಾನೇ ಒರೆಸೋಕೆ ಹೋದ್ರೆ ಬೇರೆಯೋರಿಗೆ ಏನು ಹೇಳೋದು.

2007ರಲ್ಲಿ ವರ್ಜಿಲ್ ಗ್ರಿಫಿತ್ ಅಂತ ಅಮೆರಿಕದ ಕ್ಯಾಲ್ಟೆಕ್ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿ ವಿಕಿಸ್ಕ್ಯಾನರ್ ಅಂತ ಒಂದು ಟೂಲ್ ಮಾಡ್ದ. ಲಾಗಿನ್ ಆಗ್ದೆ ಎಡಿಟ್ ಮಾಡಿದ್ರೆ ಆಗೆಲ್ಲ ಐಪಿ ಅಡ್ರೆಸ್ ಎಲ್ಲರಿಗೂ ಕಾಣ್ತಿತ್ತು, ಆ ಐಪಿ ಯಾವ ಕಂಪನೀದು, ಯಾವ ಆಫೀಸಿಂದು ಅಂತ ಇದು ಹೊಂದಿಸಿ ತೋರಿಸ್ತಿತ್ತು. ವೋಟಿಂಗ್ ಮಶೀನ್ ಮಾಡೋ ಡೀಬೋಲ್ಡ್ ಕಂಪನಿಯ ಐಪಿಯಿಂದ ಅವರ ಮಶೀನಿನ ಬಗ್ಗೆ ಇದ್ದ ಟೀಕೆಯ ಪ್ಯಾರಾಗಳನ್ನೇ 2005ರಲ್ಲಿ ಎತ್ತಿ ಬಿಸಾಕಿದ್ರು ಅಂತ ಹೊರಗೆ ಬಂತು. ಗಮನಿಸಿ, ಅಲ್ಲೂ ಆಗಿದ್ದು ತೆಗೆಯೋ ಕೆಲಸವೇ. ಆ ಟೂಲ್ ಬಂದ್ಮೇಲೆ ಜನ ಬುದ್ಧಿವಂತರಾದ್ರು, ಆಫೀಸ್ ಕಂಪ್ಯೂಟರಿಂದ ಮಾಡೋದು ಬಿಟ್ಟು ಮನೆಯಿಂದ, ಅಕೌಂಟ್ ಮಾಡ್ಕೊಂಡು ಮಾಡೋಕೆ ಶುರು ಮಾಡಿದ್ರು.

ದುಡ್ಡಿನ ದಂಧೆ ಅಂದ್ರೆ ದೊಡ್ಡದು 2015ರ ಆರೆಂಜ್‌ಮೂಡಿ ಕೇಸು. 381 ಅಕೌಂಟುಗಳನ್ನ ಇಂಗ್ಲಿಷ್ ವಿಕಿ ಒಟ್ಟಿಗೆ ಬ್ಲಾಕ್ ಮಾಡ್ತು. ಅವರ ಉಪಾಯ ಕೇಳಿದ್ರೆ ಶಿವಾಜಿನಗರದ ರೌಡಿಗಳೂ ನಾಚ್ಕೋಬೇಕು: ಸಣ್ಣ ಅಂಗಡಿಯೋರು, ಕಲಾವಿದರು ತಮ್ಮ ಬಗ್ಗೆ ಬರೆದ ಕರಡು ರಿಜೆಕ್ಟ್ ಆಗಿರುತ್ತಲ್ಲ, ಅವರನ್ನ ಹುಡುಕಿ ಇಷ್ಟು ದುಡ್ಡು ಕೊಡಿ ಹಾಕಿಸಿಕೊಡ್ತೀವಿ ಅನ್ನೋದು, ಹಾಕಿದ್ಮೇಲೆ ತಿಂಗಳಿಗಿಷ್ಟು ಕೊಡಿ, ಇಲ್ಲಾಂದ್ರೆ ಡಿಲೀಟ್ ಆಗುತ್ತೆ ಅನ್ನೋದು. ಇದಕ್ಕೆ ಒಂದು ವರ್ಷ ಮುಂಚೆನೇ, 2014ರ ಜೂನಲ್ಲಿ, ವಿಕಿಪೀಡಿಯ ನಡೆಸೋ ಸಂಸ್ಥೆ ವಿಕಿಮೀಡಿಯ ಫೌಂಡೇಶನ್ ತನ್ನ ಬಳಕೆಯ ನಿಯಮದಲ್ಲಿ ಸೇರಿಸಿತ್ತು: ದುಡ್ಡು ತಗೊಂಡು ಬರೆದ್ರೆ ಯಾರು ಕೆಲಸ ಕೊಟ್ಟೋರು, ಯಾರಿಗೋಸ್ಕರ ಬರೀತಿದೀರ, ಏನು ಸಂಬಂಧ ಅಂತ ಹೇಳಲೇಬೇಕು, ಸದಸ್ಯ ಪುಟದಲ್ಲೋ ಲೇಖನದ ಜೊತೆಗೇ ಇರೋ ಚರ್ಚೆ ಪುಟದಲ್ಲೋ ಎಡಿಟ್ ಸಾರಾಂಶದಲ್ಲೋ. ಅದು ಕಡ್ಡಾಯ. ಉಳಿದ ಹಿತಾಸಕ್ತಿಗಳ ವಿಷಯದಲ್ಲಿ ಇರೋದು ಮಾರ್ಗಸೂಚಿ, ನೇರವಾಗಿ ತಿದ್ದಬೇಡಿ ಅಂತ ಬಲವಾಗಿ ಹೇಳುತ್ತೆ, ನಿಷೇಧ ಅಂತ ಹೇಳಲ್ಲ.

ನನಗೆ ಜಾಸ್ತಿ ಕಾಡೋ ಕೇಸುಗಳು ಬೇರೆ ಎರಡಿವೆ, ಯಾಕಂದ್ರೆ ಅವು ಒಳಗಿನೋರದ್ದು. ಒಂದು ಜಿಬ್ರಾಲ್ಟರ್‌ದು, ಸ್ಪೇನ್ ಪಕ್ಕ ಇರೋ ಬ್ರಿಟಿಷರ ಒಂದು ಪುಟ್ಟ ಪ್ರದೇಶ ಅದು. 2012ರಲ್ಲಿ ವಿಕಿಮೀಡಿಯ ಯುಕೆ ಸಂಸ್ಥೆಯ ಒಬ್ಬ ಟ್ರಸ್ಟಿ, ಹಳೇ ಸ್ವಯಂಸೇವಕರೇ, ಜಿಬ್ರಾಲ್ಟರ್ ಸರ್ಕಾರಕ್ಕೆ ಸಲಹೆಗಾರರಾಗಿ ದುಡ್ಡು ತಗೊಂಡು ಕೆಲಸ ಮಾಡ್ತಿದ್ರು, ಅದೇ ಹೊತ್ತಲ್ಲಿ ಇಂಗ್ಲಿಷ್ ವಿಕಿಪೀಡಿಯದ ಮುಖಪುಟದಲ್ಲಿ 'ನಿಮಗೆ ಗೊತ್ತೇ' ಅನ್ನೋ ಜಾಗದಲ್ಲಿ ಜಿಬ್ರಾಲ್ಟರ್ ಬಗ್ಗೆ ಸಾಲು ಸಾಲು ಲೇಖನ. ಲೇಖನಗಳು ಕೆಟ್ಟದಾಗಿರಲಿಲ್ಲ ಅನ್ನೋದು ಮುಖ್ಯ, ಉಲ್ಲೇಖ ಎಲ್ಲ ಸರಿಯಾಗಿತ್ತು. ಆದ್ರೆ ಅಷ್ಟು ಚಿಕ್ಕ ಜಾಗ ಮುಖಪುಟಕ್ಕೆ ಅಷ್ಟು ಸಲ ಯಾಕೆ ಬರ್ತಿದೆ ಅಂತ ಓದುಗರಿಗೆ ಗೊತ್ತಿರಲಿಲ್ಲ. ಅವರು ಟ್ರಸ್ಟಿ ಸ್ಥಾನ ಬಿಡಬೇಕಾಯ್ತು.

ಇನ್ನೊಂದು ನಮ್ಮ ದೇಶದ್ದು. ಐಐಪಿಎಂ ಅಂತ ಮ್ಯಾನೇಜ್‌ಮೆಂಟ್ ಸಂಸ್ಥೆ ಇತ್ತಲ್ಲ, ಪೇಪರ್ ತುಂಬ ಜಾಹೀರಾತು ಬರ್ತಿತ್ತು, ನೆನಪಿರಬೇಕು. ಅದರ ಲೇಖನವನ್ನ ವೈಫೈಒನ್ ಅನ್ನೋ ಹೆಸರಿನ ಒಬ್ಬ ಸದಸ್ಯರು ವರ್ಷಗಟ್ಟಲೆ ನೋಡ್ಕೊಳ್ತಿದ್ರು, ಅವರು ಇಂಗ್ಲಿಷ್ ವಿಕಿಯ ನಿರ್ವಾಹಕರೂ ಆಗಿದ್ರು. 2015ರ ಫೆಬ್ರವರಿಲಿ ಅಲ್ಲಿ ಸದಸ್ಯರ ಜಗಳ ತೀರ್ಮಾನ ಮಾಡೋ ಆರ್ಬಿಟ್ರೇಶನ್ ಕಮಿಟಿ ಅವರ ಎಡಿಟ್‌ಗಳನ್ನೆಲ್ಲ ಜಾಲಾಡಿ ಬ್ಯಾನ್ ಮಾಡ್ತು. ಒಂದೊಂದೇ ಎಡಿಟ್ ತಗೊಂಡು ನೋಡಿದ್ರೆ ಎಲ್ಲಕ್ಕೂ ನಿಯಮದ ಸಮರ್ಥನೆ ಇರ್ತಿತ್ತು, ಈ ಉಲ್ಲೇಖ ವಿಶ್ವಾಸಾರ್ಹ ಅಲ್ಲ, ಈ ಸಾಲು ಅನಗತ್ಯ, ಹೀಗೆ. ಒಟ್ಟು ಸೇರಿಸಿ ನೋಡಿದಾಗ ಮಾತ್ರ ಎಲ್ಲ ಒಂದೇ ದಿಕ್ಕಿಗೆ ಹರೀತಿದೆ ಅಂತ ಕಾಣ್ತು. ಆ ಹೊತ್ತಿಗೆ ಎಷ್ಟು ಹುಡುಗರು ಅಡ್ಮಿಶನ್ ಮುಂಚೆ ಆ ಪುಟ ಓದಿರ್ತಾರೆ, ಯೋಚ್ನೆ ಮಾಡಿ. ನಿಯಮ ಚೆನ್ನಾಗಿ ಗೊತ್ತಿರೋನು ಹಿತಾಸಕ್ತಿ ಇಟ್ಕೊಂಡು ಕೂತ್ರೆ ಹಿಡಿಯೋದು ಎಷ್ಟು ಕಷ್ಟ ಅನ್ನೋದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಈಗ ಕನ್ನಡಕ್ಕೆ ಬರೋಣ. ನಮ್ಮ ವಿಕಿಪೀಡಿಯ ಶುರುವಾಗಿದ್ದು 2003ರ ಜೂನಲ್ಲಿ. ಇವತ್ತು 30 ಸಾವಿರದ ಮೇಲೆ ಲೇಖನ ಇದೆ, ಇಂಗ್ಲಿಷಲ್ಲಿ 70 ಲಕ್ಷ. ಲೇಖನದ ಸಂಖ್ಯೆ ಬಿಡಿ, ಅದನ್ನ ಕಾಯೋರು ಎಷ್ಟು ಜನ? 'ಇತ್ತೀಚಿನ ಬದಲಾವಣೆಗಳು' ಪುಟ ದಿನಾ ತೆಗೆದು ನೋಡೋರನ್ನ ಕೈಬೆರಳಲ್ಲಿ ಎಣಿಸಬಹುದು. ಇಂಗ್ಲಿಷಲ್ಲಿ ಹಿತಾಸಕ್ತಿ ದೂರಿಗೇ ಅಂತ ಪ್ರತ್ಯೇಕ ನೋಟಿಸ್‌ಬೋರ್ಡ್ ಇದೆ, ಅಲ್ಲಿ ಕೂತು ಜಗಳ ಆಡೋರು ಇದಾರೆ. ನಮ್ಮಲ್ಲಿ ಅರಳಿಕಟ್ಟೆ ಅಂತ ಎಲ್ಲರೂ ಚರ್ಚೆ ಮಾಡೋ ಒಂದು ಪುಟ ಇದೆ, ಅಲ್ಲಿ ಬರೆದ್ರೆ ನೋಡೋರು ನಾಲ್ಕು ಜನ, ಆ ನಾಲ್ಕು ಜನಕ್ಕೂ ಒಬ್ಬರಿಗೊಬ್ಬರು ಗೊತ್ತು. ಒಬ್ಬರು ಇನ್ನೊಬ್ಬರ ಮೇಷ್ಟ್ರು, ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರ ಮುನ್ನುಡಿ. "ಸಾರ್, ಇದು ನಿಮ್ಮ ಬಗ್ಗೆನೇ ಇರೋ ಲೇಖನ, ನೀವು ತಿದ್ದಬಾರ್ದು" ಅಂತ ಯಾವ ಶಿಷ್ಯ ಹೇಳ್ತಾನೆ? ಹೇಳಿದ್ರೂ "ಏನಪ್ಪಾ, ನನ್ನ ಹುಟ್ಟಿದ ದಿನ ನನಗಿಂತ ನಿನಗೆ ಚೆನ್ನಾಗಿ ಗೊತ್ತಾ" ಅಂದ್ರೆ ಮುಗೀತು.

ಅದರ ಮೇಲೆ ನಮ್ಮಲ್ಲಿ ಮೂಲಗಳದ್ದೇ ಒಂದು ದೊಡ್ಡ ಗೋಳು, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ವಿಕಿಪೀಡಿಯ ಏನು ಕೇಳುತ್ತೆ, ವಿಷಯಕ್ಕೆ ಸಂಬಂಧ ಇಲ್ಲದ ಸ್ವತಂತ್ರ ಮೂಲ ಕೊಡಿ ಅಂತ. ಕನ್ನಡದಲ್ಲಿ ಒಬ್ಬ ಸಾಹಿತಿ ಅಥವಾ ರಾಜಕಾರಣಿ ಬಗ್ಗೆ ಸಿಗೋ ದಪ್ಪ ಪುಸ್ತಕ ಯಾವುದು? ಅಭಿನಂದನ ಗ್ರಂಥ. ಅರವತ್ತಕ್ಕೋ ಎಪ್ಪತ್ತೈದಕ್ಕೋ ಶಿಷ್ಯರು, ಬಂಧುಗಳು ಸಮಿತಿ ಮಾಡ್ಕೊಂಡು ಚಂದಾ ಎತ್ತಿ ತರೋದು, ಒಳಗೆ ಎಲ್ಲರೂ 'ನಾ ಕಂಡಂತೆ' ಅಂತ ಬರೆಯೋದು. ಅದು ಪ್ರಕಟವಾದ ಪುಸ್ತಕ, ಐಎಸ್‌ಬಿಎನ್ ಇದೆ, ಲೈಬ್ರರೀಲಿದೆ, ಉಲ್ಲೇಖಕ್ಕೆ ನೋಡೋಕೆ ಬಹಳ ಗಟ್ಟಿಯಾಗಿ ಕಾಣುತ್ತೆ. ಆದ್ರೆ ಸ್ವತಂತ್ರ ಮೂಲ ಅಂತೂ ಅಲ್ಲ. ಪೂರ್ತಿ ಬಿಸಾಕಿ ಅಂತಲೂ ನಾನು ಹೇಳಲ್ಲ, ಹುಟ್ಟಿದ ಊರು, ಓದಿದ ಶಾಲೆ, ಕೆಲಸಕ್ಕೆ ಸೇರಿದ ವರ್ಷ ಇಂಥದ್ದಕ್ಕೆಲ್ಲ ಅದಕ್ಕಿಂತ ಒಳ್ಳೇ ಮೂಲ ಸಿಗಲ್ಲ ಎಷ್ಟೋ ಸಲ. 'ಕನ್ನಡ ವಿಮರ್ಶೆಗೆ ಹೊಸ ದಿಕ್ಕು ಕೊಟ್ಟರು' ಅನ್ನೋದಕ್ಕೆ ಮಾತ್ರ ಅದನ್ನ ತರಬೇಡಿ. ಪೇಪರ್ ಕತೆನೂ ಅಷ್ಟೆ, ಜಿಲ್ಲಾ ಪುಟದಲ್ಲಿ ಬರೋ ಎಷ್ಟೋ ಸುದ್ದಿ ಕಾರ್ಯಕ್ರಮ ಮಾಡಿದೋರೇ ಕಳಿಸಿದ ಪ್ರೆಸ್‌ನೋಟು, ಒಂದಕ್ಷರ ಬದಲಾಗಿರಲ್ಲ, ಹುಟ್ಟುಹಬ್ಬಕ್ಕೆ ಬರೋ ಪುರವಣಿ ಪೂರ್ತಿ ಜಾಹೀರಾತು. ಪ್ರಶಸ್ತಿಗಳಂತೂ ಬೇಡವೇ ಬೇಡ. ನವೆಂಬರ್ ಒಂದಕ್ಕೆ ಸರ್ಕಾರ ಕೊಡೋ ರಾಜ್ಯೋತ್ಸವ ಪ್ರಶಸ್ತಿ ಒಂದು ಕಡೆ, ಹಾಲ್ ಬಾಡಿಗೆ ಹಂಚಿಕೊಂಡು ಐವತ್ತು ಜನಕ್ಕೆ ಒಟ್ಟಿಗೆ ಕೊಡೋ 'ರತ್ನ'ಗಳು ಒಂದು ಕಡೆ, ಲೇಖನದಲ್ಲಿ ಎರಡೂ ಒಂದೇ ಪಟ್ಟೀಲಿ ಕೂತಿರ್ತವೆ.

ಇನ್ನೂ ಒಂದು ಸುತ್ತು ಇದೆ. ವಿಕಿಪೀಡಿಯದಲ್ಲಿ ಮಗ ಬರೀತಾನೆ, ಅದನ್ನ ನೋಡಿ ಪೇಪರ್‌ನೋರು ವ್ಯಕ್ತಿ ಪರಿಚಯ ಬರೀತಾರೆ, ಆ ಪೇಪರ್ ತಂದು ಮಗ ಉಲ್ಲೇಖ ಹಾಕ್ತಾನೆ. ಈಗ ಮನೆ ಮಾತು ಸ್ವತಂತ್ರ ಮೂಲ ಆಯ್ತು. ಗೂಗಲಲ್ಲಿ ಹೆಸರು ಹೊಡೆದ್ರೆ ಬಲಗಡೆ ಬರೋ ಬಾಕ್ಸಲ್ಲೂ ಎಷ್ಟೋ ಸಲ ಬರೋದು ವಿಕಿಪೀಡಿಯದ್ದೇ, ಈಗಿನ ಎಐ ಚಾಟ್‌ಬಾಟುಗಳು ಕಲಿತಿರೋದೂ ಇದನ್ನ ಓದಿನೇ. ಕನ್ನಡದಲ್ಲಿ ನೆಟ್ ಮೇಲೆ ಇರೋ ಬರಹವೇ ಕಮ್ಮಿ, ಹಾಗಾಗಿ ನಮ್ಮಲ್ಲಿ ಒಂದು ಲೇಖನದ ತೂಕ ಇಂಗ್ಲಿಷಿಗಿಂತ ಜಾಸ್ತಿ ಅಂತ ನನಗನ್ಸುತ್ತೆ.

ಹಾಗಾದ್ರೆ ಏನು ಮಾಡೋದು, ನಮ್ಮೋರ ಬಗ್ಗೆ ಯಾರು ಬರೀಬೇಕು? ಒಬ್ಬ ಪ್ರಾಧ್ಯಾಪಕಿ, ಮಾನಸಗಂಗೋತ್ರಿಯೋರು, ಕೇಳಿದ್ರು, "ನನ್ನ ಸಂಶೋಧನೆ ಇರೋ ವಿಷಯದಲ್ಲೇ ನನಗೆ ಗೊತ್ತಿರೋದು, ಅದನ್ನೂ ಬರೀಬಾರ್ದು ಅಂದ್ರೆ ಗೊತ್ತಿಲ್ಲದೋರು ಬರೀಬೇಕಾ?" ಅಂತ. ಇಲ್ಲ ಮೇಡಂ, ವಿಷಯ ತಜ್ಞತೆ ಹಿತಾಸಕ್ತಿ ಸಂಘರ್ಷ ಅಲ್ಲ. ಹಳಗನ್ನಡ ವ್ಯಾಕರಣದ ಬಗ್ಗೆ ನೀವಲ್ದೆ ಯಾರು ಬರೀಬೇಕು. ನಿಮ್ಮದೇ ಪ್ರಕಟಿತ ಲೇಖನವನ್ನ ಉಲ್ಲೇಖ ಹಾಕಬಹುದು, ಅಗತ್ಯ ಇದ್ದ ಕಡೆ, ಮಿತಿಯಲ್ಲಿ. ಹತ್ತು ಲೇಖನಕ್ಕೆ ಹೋಗಿ ಹತ್ತರಲ್ಲೂ ನಿಮ್ಮ ಪುಸ್ತಕ ಮಾತ್ರ ಗ್ರಂಥಋಣದಲ್ಲಿ ಸೇರಿಸಿದ್ರೆ ಅದು ಪ್ರಚಾರ. ನಿಮ್ಮ ವಾದವನ್ನ ಬೇರೆಯೋರು ಒಪ್ಪಿಲ್ಲ ಅಂದ್ರೆ ಆ ಭಾಗ ಬರೆಯೋಕೆ ನೀವು ಸರಿಯಾದೋರಲ್ಲ.

ನಿಮ್ಮ ಬಗ್ಗೆ, ನಿಮ್ಮ ಮನೆಯವರ ಬಗ್ಗೆ, ನಿಮ್ಮ ಕಾಲೇಜಿನ ಬಗ್ಗೆ ಆದ್ರೆ ಚರ್ಚೆ ಪುಟಕ್ಕೆ ಹೋಗಿ. 'ನಾನು ಇವರ ಮಗಳು, ಲೇಖನದಲ್ಲಿ ನಿವೃತ್ತಿ ವರ್ಷ ತಪ್ಪಿದೆ, ಸರಿಯಾದದ್ದು ಇಂಥ ಗೆಜೆಟ್ಟಲ್ಲಿದೆ, ಯಾರಾದ್ರೂ ನೋಡಿ ಬದಲಾಯಿಸಿ' ಅಂತ ಬರೀರಿ. ಅಷ್ಟೆ. ಇದು ಅವಮಾನ ಏನಲ್ಲ. ಅಮೆರಿಕದ ದೊಡ್ಡ ಕಾದಂಬರಿಕಾರ ಫಿಲಿಪ್ ರಾತ್ ತಮ್ಮದೇ ಕಾದಂಬರಿಯ ಪಾತ್ರಕ್ಕೆ ಪ್ರೇರಣೆ ಯಾರು ಅನ್ನೋದು ವಿಕಿಪೀಡಿಯದಲ್ಲಿ ತಪ್ಪಾಗಿದೆ ಅಂತ ಹೇಳಿ ಕಳಿಸಿದ್ರೆ, ಬೇರೆ ಮೂಲ ಬೇಕು ಅಂದ್ರಂತೆ. ಕೋಪ ಬಂದು 2012ರಲ್ಲಿ ನ್ಯೂಯಾರ್ಕರ್ ಪತ್ರಿಕೆಗೆ ಬಹಿರಂಗ ಪತ್ರ ಬರೆದ್ರು. ಬರೆದವನಿಗಿಂತ ಇನ್ಯಾರಿಗೆ ಗೊತ್ತು ಅಂತ ನಮಗೂ ಅನ್ಸುತ್ತೆ, ನನಗೂ ಆ ಪ್ರಸಂಗದಲ್ಲಿ ರಾತ್ ಕಡೆನೇ ಮನಸ್ಸು ವಾಲುತ್ತೆ. ಆದ್ರೆ ಪತ್ರ ಪ್ರಕಟವಾಯ್ತಲ್ಲ, ಅದೇ ಮೂಲ ಆಯ್ತು, ಲೇಖನ ಬದಲಾಯ್ತು. ಓದೋರು ಹೋಗಿ ನೋಡಬಹುದಾದ ಜಾಗದಲ್ಲಿ ಅವರ ಮಾತು ಬಂತು, ಇದು ರಾತ್ ಹೇಳಿದ್ದು ಅಂತ ಗೊತ್ತಾಗೋ ಹಾಗೆ ಬಂತು.

ಒಂದು ವಿನಾಯಿತಿ ಇದೆ, ಅದನ್ನ ಮರೀಬೇಡಿ. ನಿಮ್ಮ ಬಗ್ಗೆ ಯಾರೋ ಸುಳ್ಳು ಆರೋಪ, ಅವಾಚ್ಯ ಬರೆದಿದ್ರೆ ಯಾರನ್ನೂ ಕೇಳ್ದೆ ತೆಗೀರಿ. 2005ರಲ್ಲಿ ಜಾನ್ ಸೀಗೆಂಥೇಲರ್ ಅನ್ನೋ ಹಿರಿಯ ಪತ್ರಕರ್ತರ ಲೇಖನದಲ್ಲಿ ಯಾರೋ ತಮಾಷೆಗೆ ಇವರಿಗೂ ಕೆನಡಿ ಕೊಲೆಗೂ ನಂಟಿತ್ತು ಅನ್ನೋ ಥರ ಬರೆದು, ಅದು ನಾಲ್ಕು ತಿಂಗಳು ಹಾಗೇ ಇತ್ತು. ಬದುಕಿರೋರ ಬಗ್ಗೆ ನಿಯಮ ಬಿಗಿ ಆಗಿದ್ದೇ ಆಮೇಲೆ.

ಸಂಸ್ಥೆಗಳಿಗೂ ದಾರಿ ಇದೆ. 2010ರಲ್ಲಿ ಬ್ರಿಟಿಷ್ ಮ್ಯೂಸಿಯಂ ವಿಕಿಪೀಡಿಯನ್ ಒಬ್ಬರನ್ನ ಒಳಗೇ ಕರೆದು ಕೂರಿಸ್ಕೊಳ್ತು, ಮ್ಯೂಸಿಯಂ ಹೊಗಳೋಕಲ್ಲ, ಅಲ್ಲಿರೋ ವಸ್ತುಗಳ ಬಗ್ಗೆ ಒಳ್ಳೇ ಲೇಖನ ಬರೋ ಹಾಗೆ ಮಾಡೋಕೆ, ಎಲ್ಲ ಬಹಿರಂಗವಾಗಿ. ನಮ್ಮೂರಲ್ಲೇ ನೋಡಿ, ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸಲ್ಲಿ, ಅಂದ್ರೆ ಬೇರೆಯೋರೂ ಬಳಸಿಕೊಳ್ಳೋ ಹಾಗೆ, ಬಿಟ್ಟುಕೊಡ್ತು, ಅದರಿಂದ ಎಷ್ಟೋ ಲೇಖನ ಕನ್ನಡ ವಿಕಿಪೀಡಿಯಕ್ಕೆ ಬಂದಿವೆ. ವಿಶ್ವವಿದ್ಯಾನಿಲಯ ತನ್ನ ಬಗ್ಗೆ ತಾನು ಬರ್ಕೊಂಡಿದ್ರೆ ಒಂದು ಲೇಖನ ಆಗ್ತಿತ್ತು.

ವಿದ್ಯಾರ್ಥಿಗಳಲ್ಲಿ ಒಬ್ಬರು ಕೇಳಿದ್ರು, ಇಂಟರ್ನಲ್ಸ್ ಮಾರ್ಕ್ಸಿಗೆ ಬರೆದ್ರೆ ಅದೂ ಹಿತಾಸಕ್ತಿನಾ ಅಂತ. ವಿಷಯದ ಜೊತೆ ನಿಮಗೆ ಸಂಬಂಧ ಇಲ್ಲ ಅಂದ್ಮೇಲೆ ನಾವು ಮಾತಾಡ್ತಿರೋ ಅರ್ಥದಲ್ಲಿ ಅಲ್ಲ, ಆದ್ರೆ ಮಾರ್ಕ್ಸೇ ಮುಖ್ಯ ಆದಾಗ ಲೇಖನ ಹಾಳಾಗುತ್ತೆ. 2011ರಲ್ಲಿ ಪುಣೆ ಕಾಲೇಜುಗಳಲ್ಲಿ ಇಂಥದ್ದೇ ಕಾರ್ಯಕ್ರಮ ಮಾಡಿ, ಹುಡುಗರು ಸಿಕ್ಕಿದ್ದೆಲ್ಲ ಕಾಪಿ ಪೇಸ್ಟ್ ಮಾಡಿ, ಇಂಗ್ಲಿಷ್ ವಿಕಿಯೋರು ಅದನ್ನ ತೊಳೆಯೋಕೆ ಒದ್ದಾಡಿ, ಕೊನೆಗೆ ನಿಲ್ಲಿಸಬೇಕಾಯ್ತು. ನಿಮ್ಮ ಕಾಲೇಜಿನ ಬಗ್ಗೆ ಬರೆಯೋ ಅಸೈನ್‌ಮೆಂಟ್ ಕೊಟ್ರೆ ಮಾತ್ರ ಬೇರೆ ವಿಷಯ ಕೊಡಿ ಅಂತ ಮೇಷ್ಟ್ರನ್ನ ಕೇಳಿ.

ಇನ್ನೊಂದು ಎಚ್ಚರಿಕೆ, ಇದು ಉತ್ಸಾಹಿಗಳಿಗೆ. ಇವತ್ತು ಇಲ್ಲಿಂದ ಹೋಗಿ ಯಾರ್ಯಾರ ಮಗ ಯಾವ ಅಕೌಂಟು ಅಂತ ಪತ್ತೆದಾರಿ ಮಾಡೋಕೆ ಕೂರಬೇಡಿ. ವಿಕಿಪೀಡಿಯದಲ್ಲಿ ಅಡ್ಡಹೆಸರಲ್ಲಿ ಬರೆಯೋ ಹಕ್ಕು ಎಲ್ಲರಿಗೂ ಇದೆ, ಅವರ ನಿಜ ಹೆಸರು, ಕೆಲಸದ ಜಾಗ, ಫೇಸ್‌ಬುಕ್ ಸ್ಕ್ರೀನ್‌ಶಾಟ್ ತಂದು ಅರಳಿಕಟ್ಟೇಲಿ ಹಾಕಿದ್ರೆ ತಪ್ಪು ನಿಮ್ಮದಾಗುತ್ತೆ, ಬ್ಲಾಕ್ ಆಗೋದೂ ನೀವೇ. ಆ ಎಡಿಟ್ ತೋರಿಸಿ, ತೆಗೆದ ಸಾಲು ವಾಪಸ್ ಹಾಕಿ, ಅವರ ಚರ್ಚೆ ಪುಟದಲ್ಲಿ ಮರ್ಯಾದೆಯಿಂದ ಕೇಳಿ: 'ಈ ವಿಷಯಕ್ಕೂ ನಿಮಗೂ ಸಂಬಂಧ ಇದ್ರೆ ದಯವಿಟ್ಟು ತಿಳಿಸಿ, ಇದ್ರೂ ಪರವಾಗಿಲ್ಲ, ತಿದ್ದುಪಡಿ ಇಲ್ಲಿ ಸೂಚಿಸಿ'. ನನ್ನ ಅನುಭವದಲ್ಲಿ 'ಪರವಾಗಿಲ್ಲ' ಅನ್ನೋ ಮಾತು ಹಾಕಿದ್ರೆ ಉತ್ತರ ಬರುತ್ತೆ, ನಿಯಮದ ಲಿಂಕು ಮಾತ್ರ ಎಸೆದ್ರೆ ಆ ಅಕೌಂಟ್ ಮಾಯವಾಗಿ ಇನ್ನೊಂದು ಹೆಸರಲ್ಲಿ ಬರುತ್ತೆ. ನಿರ್ವಾಹಕರು ಇದನ್ನ ಸ್ವಲ್ಪ ಗಮನಿಸಬೇಕು, ನಮ್ಮಲ್ಲಿ ಹೊಸಬರನ್ನ ಗದರಿಸೋ ಚಾಳಿ ಜಾಸ್ತಿ ಇದೆ, ಬೇಜಾರಾದ್ರೂ ಹೇಳಲೇಬೇಕು.

ಕೊನೇಲಿ ಒಬ್ಬ ಹೆಣ್ಣುಮಗಳು ಕೇಳಿದ್ರು. ಅವರ ತಾತ ರಂಗಭೂಮೀಲಿ ಹಾರ್ಮೋನಿಯಂ ನುಡಿಸ್ತಿದ್ದೋರು, ತೀರ್ಕೊಂಡು ಬಹಳ ವರ್ಷ ಆಯ್ತು, ಲೇಖನ ಬೇರೆ ಯಾರೋ ಬರೆದಿದಾರೆ, ಚೆನ್ನಾಗೂ ಇದೆ, "ನಾನು ಅದಕ್ಕೆ ಏನೂ ಮಾಡೋ ಹಾಗಿಲ್ವಾ ಸಾರ್?" ಅಂತ. ಮಾಡಬಹುದಮ್ಮ, ನೀವು ಮಾತ್ರ ಮಾಡಬಹುದಾದ ಕೆಲಸ ಒಂದಿದೆ. ಆ ಲೇಖನದಲ್ಲಿ ಫೋಟೋ ಇಲ್ಲ. ಮನೆ ಆಲ್ಬಮ್ಮಲ್ಲಿ ನಿಮ್ಮಪ್ಪನೋ ಚಿಕ್ಕಪ್ಪನೋ ತಮ್ಮ ಕ್ಯಾಮೆರಾದಲ್ಲಿ ತೆಗೆದ ಫೋಟೋ ಇರುತ್ತೆ, ತೆಗೆದೋರ ಒಪ್ಪಿಗೆ ಇದ್ರೆ ಅದನ್ನ ಸ್ಕ್ಯಾನ್ ಮಾಡಿ ವಿಕಿಯ ಫೋಟೋಗಳನ್ನ ಇಡೋ ಜಾಗ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ, ಯಾರು ತೆಗೆದಿದ್ದು, ಯಾವಾಗ, ಎಲ್ಲಿ ಅಂತ ಬರೀರಿ. ಪೇಪರಲ್ಲಿ ಬಂದ ಫೋಟೋ ಕತ್ತರಿಸಿ ಹಾಕಬೇಡಿ, ಅದು ನಿಮ್ಮದಲ್ಲ. ನಾಟಕ ಕಂಪನಿಯ ಹಳೇ ಕರಪತ್ರ ಇದ್ರೆ ಅದರ ದಿನಾಂಕ, ಊರು, ನಾಟಕದ ಹೆಸರು ಚರ್ಚೆ ಪುಟದಲ್ಲಿ ಬರೆದಿಡಿ, 'ನಾನು ಮೊಮ್ಮಗಳು' ಅಂತ ಮೊದಲ ಸಾಲಲ್ಲೇ ಹೇಳಿ. ಅವರು ಆಲ್ಬಮ್ ಹುಣಸೂರಲ್ಲಿ ಅತ್ತೆ ಮನೇಲಿದೆ, ತಂದು ಕೊಡ್ತೀನಿ ಅಂದ್ರು. ಸ್ಕ್ಯಾನರ್ ಇರೋರು ಒಬ್ಬರು ಅಲ್ಲೇ ನಂಬರ್ ಕೊಟ್ರು.